ಜಾಲದ ನಾಡಿ ಹಿಡಿಯುವ ಕಪ್ಪು ಪರದೆ

ಇಂಟರ್‌ನೆಟ್ ನಿಧಾನವಾದರೆ ದೂರುವವರು ಬಹಳ. ದಾರಿಯಲ್ಲಿ ಹೋಗುತ್ತಿರುವುದು ಎಷ್ಟು, ಯಾರದು, ಯಾಕೆ ಎಂದು ಎಣಿಸಿ ನೋಡುವವರು ಕಡಿಮೆ. 1986ರಲ್ಲಿ ಜಾಲವೇ ಕುಸಿದು ಬಿದ್ದಾಗ ಅದನ್ನು ಎತ್ತಿ ನಿಲ್ಲಿಸಿದವರು ಹಾಗೆ ಎಣಿಸಿ ನೋಡಿದವರು. ಆ ವಿದ್ಯೆ ಇಂದು ಯಾವ ವಿದ್ಯಾರ್ಥಿಯ ಕೈಗಾದರೂ ಎಟುಕುವಂಥದ್ದು. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಸಂಜೆ ಏಳು ಗಂಟೆ. ಪಿಯುಸಿ ಓದುತ್ತಿರುವ ಮಗಳು ಕಂಪ್ಯೂಟರಿನ ಮುಂದೆ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಲೆಕ್ಕ ಬಿಡಿಸುತ್ತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಕೈ ಎತ್ತಿದ ಭಂಗಿಯಲ್ಲೇ ಕಲ್ಲಾಗಿ ನಿಲ್ಲುತ್ತಾರೆ.

“ಅಪ್ಪಾ, ಮತ್ತೆ ನಿಂತುಹೋಯ್ತು!”

“ಎಲ್ಲಾ ನಿನ್ನ ತಮ್ಮನ ಗೇಮಿನಿಂದ” ಎಂದು ಅಡುಗೆಮನೆಯಿಂದ ಅಮ್ಮನ ತೀರ್ಪು. “ನಾನು ಆಡ್ತಾನೇ ಇಲ್ಲಮ್ಮಾ, ಪುಸ್ತಕ ಹಿಡ್ಕೊಂಡು ಕೂತಿದೀನಿ” ಎಂದು ತಮ್ಮನ ಅಳಲು. “ಇನ್ನೂ ದೊಡ್ಡ ಪ್ಲಾನ್ ಹಾಕಿಸ್ಬೇಕೇನೋ” ಎಂದು ಅಪ್ಪನ ನಿಟ್ಟುಸಿರು.

ಇಂದು ಎಷ್ಟೋ ಮನೆಗಳಲ್ಲಿ ನಡೆಯುವ ಮಾತುಕತೆ ಇದು. ಗಮನಿಸಿ: ನಾಲ್ವರೂ ಮಾತನಾಡಿದರು. ಒಬ್ಬರೂ ಅಳೆದು ನೋಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಹುಟ್ಟಿದ್ದು ಇಂಥ ಸಂದರ್ಭಕ್ಕೇ ಇರಬೇಕು!

ಮನೆಯಲ್ಲಿ ಆದರೆ ಒಂದು ಪಾಠ ತಪ್ಪೀತು, ತಮ್ಮನಿಗೆ ಎರಡು ಬೈಗುಳ ಹೆಚ್ಚು ಸಿಕ್ಕೀತು. ಕಾಲೇಜಿನ, ಆಸ್ಪತ್ರೆಯ, ಬ್ಯಾಂಕಿನ ಸರ್ವರ್ ಹೀಗೆ ಕಲ್ಲಾಗಿ ನಿಂತರೆ? ಅಲ್ಲಿ ಊಹೆಯ ಮಾತಿಗೆ ಬೆಲೆಯಿಲ್ಲ. ಅಲ್ಲಿ ಕೆಲಸ ಮಾಡುವ ತಂತ್ರಜ್ಞ ಬಣ್ಣಬಣ್ಣದ ಕಿಟಕಿಗಳನ್ನೆಲ್ಲ ಬದಿಗೆ ಸರಿಸಿ ಒಂದು ಕಪ್ಪು ಪರದೆಯನ್ನು ತೆರೆಯುತ್ತಾನೆ. ನಾಲ್ಕೈದು ಅಕ್ಷರಗಳ ಒಂದು ಆಜ್ಞೆಯನ್ನು ಕುಟ್ಟುತ್ತಾನೆ. ಪರದೆಯ ಮೇಲೆ ಅಂಕಿಗಳು ಉರುಳತೊಡಗುತ್ತವೆ. ಹಳ್ಳಿಯ ಪಂಡಿತರು ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಇದು ಜಾಲದ ನಾಡಿ ನೋಡುವುದು.

ನಾನೂರು ಗಜ ದೂರದ ನೆರೆಮನೆ

ಈ ನಾಡಿಪರೀಕ್ಷೆಗೆ ಎಷ್ಟು ಮಹತ್ವವಿದೆ ಎಂದು ತಿಳಿಯಲು 1986ರ ಅಕ್ಟೋಬರ್‌ಗೆ ಹೋಗಬೇಕು. ಸ್ಥಳ ಅಮೆರಿಕದ ಕ್ಯಾಲಿಫೋರ್ನಿಯಾ. ಬರ್ಕಲಿ ವಿಶ್ವವಿದ್ಯಾಲಯದ ಪಕ್ಕದ ಗುಡ್ಡದ ಮೇಲೆ ಲಾರೆನ್ಸ್ ಬರ್ಕಲಿ ಪ್ರಯೋಗಾಲಯವಿದೆ. ಎರಡರ ನಡುವಿನ ಅಂತರ ನಾನೂರು ಗಜ. ಇಲ್ಲಿಂದ ಅಲ್ಲಿಗೆ ಕಂಪ್ಯೂಟರ್ ಸಂಪರ್ಕವಿತ್ತು. ಸೆಕೆಂಡಿಗೆ 32 ಸಾವಿರ ಬಿಟ್‌ಗಳ ವೇಗದಲ್ಲಿ ಮಾಹಿತಿ ಹರಿಯುತ್ತಿತ್ತು. ಅಂದಿನ ಮಟ್ಟಿಗೆ ಅದು ಒಳ್ಳೆಯ ವೇಗವೇ.

ಆ ಅಕ್ಟೋಬರ್‌ನಲ್ಲಿ ಅದು ಒಮ್ಮೆಲೇ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ನಲವತ್ತು ಸಾವಿರವಲ್ಲ, ಬರೀ ನಲವತ್ತು! ಒಂದು ಇಂಗ್ಲಿಷ್ ಅಕ್ಷರಕ್ಕೆ ಎಂಟು ಬಿಟ್ ಬೇಕು. ಅಂದರೆ ಸೆಕೆಂಡಿಗೆ ಐದೇ ಅಕ್ಷರ. ಮೂರು ಸಾವಿರ ಅಕ್ಷರಗಳ ಒಂದು ಪುಟ ಕಳುಹಿಸಲು ಹತ್ತು ನಿಮಿಷ. ಅದೇ ಪುಟವನ್ನು ಕಾಗದದ ಮೇಲೆ ಬರೆದು, ಕೈಯಲ್ಲಿ ಹಿಡಿದು, ಗುಡ್ಡ ಇಳಿದು ಕೊಟ್ಟು ಬರುವುದೇ ಬೇಗ ಆಗುತ್ತಿತ್ತು.

ತಂತಿ ಕಡಿದಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ದಾರಿಯ ತುಂಬ ಮಾಹಿತಿ ಓಡಾಡುತ್ತಲೇ ಇತ್ತು. ಆದರೂ ತಲುಪಬೇಕಾದ್ದು ತಲುಪುತ್ತಿರಲಿಲ್ಲ. ಇಂಥ ಕುಸಿತ ಬರಬಹುದು ಎಂದು ಜಾನ್ ನೇಗಲ್ ಎಂಬ ಎಂಜಿನಿಯರ್ 1984ರಲ್ಲೇ ಬರೆದು ಎಚ್ಚರಿಸಿದ್ದರು. ಎರಡೇ ವರ್ಷದಲ್ಲಿ ಅದು ಬಂದೇಬಿಟ್ಟಿತು. ಹೀಗೇ ಬಿಟ್ಟಿದ್ದರೆ ಇಂದಿನ ಇಂಟರ್‌ನೆಟ್ ಬೆಳೆಯುವ ಮಾತಿರಲಿ, ಅಂದಿನ ಪುಟ್ಟ ಜಾಲವೇ ಉಳಿಯುವುದು ಕಷ್ಟವಿತ್ತು.

ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದಲ್ಲಿದ್ದ ಮೈಕ್ ಕೆರಲ್ಸ್ ಇದರ ಬೆನ್ನು ಹತ್ತಿದರು. ಇನ್ನೂ ದಪ್ಪ ತಂತಿ ತನ್ನಿ ಎಂದು ಅವರು ಕೇಳಲಿಲ್ಲ. ದಾರಿಯಲ್ಲಿ ಹೋಗುವ ಒಂದೊಂದು ಪೊಟ್ಟಣವನ್ನೂ, ಅಂದರೆ ಪ್ಯಾಕೆಟ್ಟನ್ನೂ, ಅದು ಹೊರಟ ಹೊತ್ತಿನೊಂದಿಗೆ ದಾಖಲಿಸಿಕೊಂಡರು. ಅಡ್ಡಸಾಲಿನಲ್ಲಿ ಸಮಯ, ಉದ್ದಸಾಲಿನಲ್ಲಿ ಪ್ಯಾಕೆಟ್ಟಿನ ಕ್ರಮಸಂಖ್ಯೆ ಇಟ್ಟು ಚುಕ್ಕೆಗಳ ನಕ್ಷೆ ಬರೆದರು. ನಕ್ಷೆಯೇ ಬಾಯಿ ಬಿಟ್ಟಿತು.

ಅಂಚೆಯ ಗೊಂದಲ

ಆಗಿದ್ದು ಇಷ್ಟು. ಇಬ್ಬರು ಗೆಳೆಯರು ಪತ್ರ ಬರೆದುಕೊಳ್ಳುತ್ತಾರೆ ಎನ್ನಿ. ಪತ್ರ ಸಿಕ್ಕಿತು ಎಂಬ ಉತ್ತರ ಒಂದು ವಾರದೊಳಗೆ ಬರದಿದ್ದರೆ ಮೊದಲನೆಯವನು ಅದೇ ಪತ್ರದ ಇನ್ನೊಂದು ಪ್ರತಿಯನ್ನು ಅಂಚೆಗೆ ಹಾಕುತ್ತಾನೆ. ಹಬ್ಬದ ಸಮಯ, ಅಂಚೆ ಕಚೇರಿಯಲ್ಲಿ ಮೂಟೆಗಟ್ಟಲೆ ಪತ್ರ. ಅವನ ಪತ್ರ ಕಳೆದಿಲ್ಲ, ಮೂಟೆಯಲ್ಲಿ ಕಾಯುತ್ತಿದೆ. ಆದರೆ ವಾರ ಕಳೆಯಿತೆಂದು ಅವನು ಎರಡನೆಯ ಪ್ರತಿ ಹಾಕುತ್ತಾನೆ, ಆಮೇಲೆ ಮೂರನೆಯದು. ಊರಿನವರೆಲ್ಲ ಹೀಗೆಯೇ ಮಾಡಿದರೆ? ಮೂಟೆಗಳ ತುಂಬ ಪ್ರತಿಗಳೇ. ಅಂಚೆಯಣ್ಣ ಬೆವರು ಸುರಿಸಿ ಹೊತ್ತು ತರುವುದು ಈಗಾಗಲೇ ತಲುಪಿದ ಪತ್ರಗಳನ್ನು!

ಕಂಪ್ಯೂಟರುಗಳು ಮಾಡುತ್ತಿದ್ದುದೂ ಅದನ್ನೇ. ಜೇಕಬ್‌ಸನ್ ಪ್ರಕಟಿಸಿದ ಒಂದು ನಕ್ಷೆಯಲ್ಲಿ, ದಾರಿಯ ಸಾಮರ್ಥ್ಯದ ನೂರಕ್ಕೆ 35 ಭಾಗ ಮಾತ್ರ ನಿಜವಾದ ಕೆಲಸಕ್ಕೆ ಬಳಕೆಯಾಗಿತ್ತು. ಉಳಿದದ್ದೆಲ್ಲ ಕಳುಹಿಸಿದ್ದನ್ನೇ ಮತ್ತೆ ಕಳುಹಿಸುವುದರಲ್ಲಿ ಮಣ್ಣುಪಾಲು. ಕೆಲವು ಪ್ಯಾಕೆಟ್ಟುಗಳು ಐದು ಸಲ ಹೋಗಿದ್ದವು.

ರೋಗ ತಿಳಿದ ಮೇಲೆ ಮದ್ದು ಸರಳವಾಗಿತ್ತು. ಮೊದಲಿಗೆ ಒಂದೇ ಪ್ಯಾಕೆಟ್ ಕಳುಹಿಸು. ಉತ್ತರ ಬಂದಂತೆ ಬಂದಂತೆ ಹೆಚ್ಚಿಸುತ್ತ ಹೋಗು. ಉತ್ತರಕ್ಕೆ ಎಷ್ಟು ಕಾಯಬೇಕೆಂಬುದನ್ನು ದಾರಿಯ ಏರುಪೇರು ನೋಡಿ ನಿರ್ಧರಿಸು. ಒಂದು ಪ್ಯಾಕೆಟ್ ಕಳೆದರೆ ಮುಂದೆ ಸಂತೆಯಿದೆ ಎಂದು ತಿಳಿದು ವೇಗ ಇಳಿಸು. ಇಂಥ ಏಳು ಹೊಸ ಕ್ರಮಗಳನ್ನು ಬರ್ಕಲಿಯ ಯುನಿಕ್ಸ್ ತಂತ್ರಾಂಶಕ್ಕೆ ಸೇರಿಸಲಾಯಿತು. 1988ರಲ್ಲಿ ಅದರ ವಿವರ ಪ್ರಬಂಧವಾಗಿ ಹೊರಬಂತು. ಇಂದು ಮನೆಯ ಕಂಪ್ಯೂಟರಿನಿಂದ ಹಿಡಿದು ಜೇಬಿನ ಫೋನಿನವರೆಗೆ ಎಲ್ಲದರೊಳಗೂ ಆ ಸಭ್ಯತೆಯ ಪಾಠ ಯಾವುದೋ ರೂಪದಲ್ಲಿ ಇದೆ. ಸಂತೆಯಲ್ಲಿ ನುಗ್ಗಬಾರದು ಎಂದು ಯಂತ್ರಗಳಿಗೆ ಕಲಿಸಿದ್ದರಿಂದಲೇ ಜಾಲ ಉಳಿಯಿತು.

ಅದೇ ಪ್ರಯೋಗಾಲಯದ ತಂಡದಿಂದ 1980ರ ದಶಕದ ಕೊನೆಯಲ್ಲಿ ಎರಡು ಸಣ್ಣ ಉಪಕರಣಗಳೂ ಹೊರಬಂದವು. ಒಂದು, ಹಾದುಹೋಗುವ ಪ್ಯಾಕೆಟ್ಟುಗಳನ್ನು ಸಾಲುಸಾಲಾಗಿ ಬರೆದು ತೋರಿಸುವ ‘ಟಿಸಿಪಿಡಂಪ್’. ಇನ್ನೊಂದು, ಪ್ಯಾಕೆಟ್ ಯಾವ ಯಾವ ನಿಲ್ದಾಣ ಹಾದು ಹೋಯಿತೆಂದು ಹೇಳುವ ‘ಟ್ರೇಸ್‌ರೂಟ್’. ಎರಡೂ ಇಂದಿಗೂ ಬಳಕೆಯಲ್ಲಿವೆ.

ಎಪ್ಪತ್ತೈದು ಸೆಂಟಿನ ವ್ಯತ್ಯಾಸ

ವಿಚಿತ್ರವೆಂದರೆ ಅದೇ ಪ್ರಯೋಗಾಲಯದಲ್ಲಿ, ಅದೇ 1986ರಲ್ಲಿ, ಇನ್ನೊಂದು ಎಣಿಕೆಯೂ ಇತಿಹಾಸ ಸೇರಿತು. ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅಲ್ಲಿ ಕಂಪ್ಯೂಟರುಗಳ ಉಸ್ತುವಾರಿಗೆ ಸೇರಿದ್ದರು. ಆಗ ಕಂಪ್ಯೂಟರ್ ಬಳಸಿದ ಹೊತ್ತಿಗೆ ತಕ್ಕಂತೆ ಲೆಕ್ಕ ಬರೆಯುವ ಪದ್ಧತಿ. ಆ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಮುಕ್ಕಾಲು ಡಾಲರ್ ತಾನೇ ಎಂದು ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಸ್ಟೋಲ್ ಬಿಡಲಿಲ್ಲ. ಹೊರಗಿನಿಂದ ಬರುವ ತಂತಿಗಳಿಗೆ ಪ್ರಿಂಟರುಗಳನ್ನು ಜೋಡಿಸಿ, ಒಳಬಂದವರು ಒತ್ತಿದ ಒಂದೊಂದು ಅಕ್ಷರವನ್ನೂ ಅಚ್ಚು ಹಾಕಿಸಿದರು. ಕೊನೆಗೆ ಸಿಕ್ಕಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿ ಕುಳಿತು ಅಮೆರಿಕದ ಸೇನಾ ಕಂಪ್ಯೂಟರುಗಳನ್ನು ಜಾಲಾಡುತ್ತ, ಸಿಕ್ಕಿದ್ದನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಗುಂಪಿನ ಒಬ್ಬ!

ಸರ್ವರ್ ನೋಡಿಕೊಳ್ಳುವವರು ಈ ಪ್ರಸಂಗವನ್ನು ಇಂದಿಗೂ ನೆನೆಯಲು ಕಾರಣವಿದೆ. ಮಧ್ಯರಾತ್ರಿ, ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಸರ್ವರಿನಿಂದ ಹೊರಗೆ ರಾಶಿ ರಾಶಿ ಮಾಹಿತಿ ಹೋಗುತ್ತಿದ್ದರೆ ಅದು ಕಳ್ಳ ಒಳಹೊಕ್ಕ ಸೂಚನೆಯಿರಬಹುದು. ಪ್ರತಿದಿನದ ನಾಡಿ ಗೊತ್ತಿದ್ದವನಿಗೆ ಮಾತ್ರ ಇಂದಿನ ನಾಡಿ ತಪ್ಪಿದ್ದು ತಿಳಿಯುತ್ತದೆ.

ಕಪ್ಪು ಪರದೆಯೇ ಏಕೆ?

ಬಣ್ಣದ ಚಿತ್ರ, ಗುಂಡಿ, ಮೌಸ್ ಎಲ್ಲ ಇರುವಾಗ ಈ ಹಳೆಯ ಕಾಲದ ಕಪ್ಪು ಪರದೆ ಏಕೆ ಎಂದು ಕೇಳಬಹುದು. ಉತ್ತರ ಸುಲಭ. ಸರ್ವರುಗಳು ಸಾಮಾನ್ಯವಾಗಿ ಎಲ್ಲೋ ದೂರದ ತಂಪು ಕೋಣೆಯಲ್ಲಿ ಇರುತ್ತವೆ. ಹೆಚ್ಚಿನವಕ್ಕೆ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದೇ ಇಲ್ಲ. ಜಾಲದ ಮೂಲಕವೇ ಅವುಗಳೊಡನೆ ಮಾತನಾಡಬೇಕು. ಜಾಲವೇ ಕಟ್ಟಿಕೊಂಡಿರುವಾಗ ಬಣ್ಣದ ಚಿತ್ರಗಳನ್ನು ಎಳೆದು ತರುವುದು ಎಲ್ಲಿ ಬಂತು? ಅಕ್ಷರಗಳಾದರೆ ಎಷ್ಟು ಕಿರಿದಾದ ದಾರಿಯಲ್ಲೂ ನುಸುಳಿ ಬರುತ್ತವೆ.

ಭಾರತದ ಹಿರಿಯ ಬಳಕೆದಾರರಿಗೆ ಇದು ಹೊಸತೇನಲ್ಲ. ನಮ್ಮಲ್ಲಿ 1986ರಲ್ಲಿ ಆರಂಭವಾದ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ದೂರವಾಣಿ ತಂತಿಯ ಮೇಲೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಕಡಿಮೆ ಹಣ ಕೊಟ್ಟವರಿಗೆ ಸಿಗುತ್ತಿದ್ದ ‘ಶೆಲ್’ ಖಾತೆಯಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಆ ತಲೆಮಾರಿನ ವಿದ್ಯಾರ್ಥಿಗಳಿಗೆ ಇಂಟರ್‌ನೆಟ್ ಎಂದರೆ ಕಪ್ಪು ಪರದೆಯೇ ಆಗಿತ್ತು.

ಎರಡು ಸಲ ನೋಡು, ಕಳೆ, ಭಾಗಿಸು

ವಿದ್ಯುತ್ ಮೀಟರನ್ನು ಎಲ್ಲರೂ ನೋಡಿದ್ದೇವೆ. ಕಳೆದ ತಿಂಗಳ ಅಂಕಿಯನ್ನು ಈ ತಿಂಗಳ ಅಂಕಿಯಿಂದ ಕಳೆದರೆ ಉರಿಸಿದ ಯುನಿಟ್ಟು ಸಿಗುತ್ತದೆ. ಕಂಪ್ಯೂಟರಿನೊಳಗೂ ಜಾಲಕ್ಕೆ ಇಂಥದೇ ಒಂದು ಮೀಟರ್ ಇದೆ. ಲಿನಕ್ಸ್ ಇರುವ ಸರ್ವರಿನಲ್ಲಿ ‘ಪ್ರಾಕ್’ ಎಂಬ ಕೋಶದೊಳಗೆ ‘ನೆಟ್’ ಎಂಬ ಕೋಶ, ಅದರೊಳಗೆ ‘ಡೆವ್’ ಎಂಬ ಕಡತ. ‘ಕ್ಯಾಟ್’ ಎಂಬ ಆಜ್ಞೆ ಕೊಟ್ಟು ಅದನ್ನು ತೆರೆದರೆ ಯಂತ್ರ ಚಾಲೂ ಆದಾಗಿನಿಂದ ಎಷ್ಟು ಬೈಟ್ ಒಳಬಂತು, ಎಷ್ಟು ಹೊರಹೋಯಿತು, ಎಷ್ಟು ಪ್ಯಾಕೆಟ್ ಬಿದ್ದುಹೋಯಿತು ಎಂಬ ಅಂಕಿಗಳು ಕಾಣುತ್ತವೆ.

ಒಂದು ಉದಾಹರಣೆ. ಈಗ ನೋಡಿದಾಗ ಒಳಬಂದ ಬೈಟ್ 84,20,00,000. ಹತ್ತು ಸೆಕೆಂಡ್ ಬಿಟ್ಟು ನೋಡಿದರೆ 84,95,00,000. ವ್ಯತ್ಯಾಸ 75 ಲಕ್ಷ. ಹತ್ತರಿಂದ ಭಾಗಿಸಿದರೆ ಸೆಕೆಂಡಿಗೆ ಏಳೂವರೆ ಲಕ್ಷ ಬೈಟ್. ಒಂದು ಬೈಟ್‌ಗೆ ಎಂಟು ಬಿಟ್. ಹಾಗಾಗಿ ಎಂಟರಿಂದ ಗುಣಿಸಿದರೆ ಸೆಕೆಂಡಿಗೆ 60 ಲಕ್ಷ ಬಿಟ್, ಅಂದರೆ 6 ಮೆಗಾಬಿಟ್. ಏಳನೇ ತರಗತಿಯ ಲೆಕ್ಕ, ಅಷ್ಟೇ! ಬ್ಯಾಂಡ್‌ವಿಡ್ತ್ ಅಳೆಯುವ ಹೆಚ್ಚಿನ ತಂತ್ರಾಂಶಗಳು ಒಳಗೊಳಗೇ ಮಾಡುವುದು ಇದನ್ನೇ.

ಈ ಎಂಟರ ಗುಣಾಕಾರ ಪೋಷಕರಿಗೂ ಉಪಯುಕ್ತ. ‘100 ಮೆಗಾಬಿಟ್ ಎಂದು ಹೇಳಿ ಹನ್ನೆರಡು ಮಾತ್ರ ಕೊಡುತ್ತಿದ್ದಾರೆ’ ಎಂಬ ದೂರು ಆಗಾಗ ಕೇಳಿಬರುತ್ತದೆ. ಮಾರುವವರು ಹೇಳುವುದು ಬಿಟ್‌ನಲ್ಲಿ. ಕಡತ ಇಳಿಸುವಾಗ ಪರದೆ ತೋರಿಸುವುದು ಸಾಮಾನ್ಯವಾಗಿ ಬೈಟ್‌ನಲ್ಲಿ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅಲ್ಲಿಗೆ ಎರಡೂ ಒಂದೇ! ಜಗಳಕ್ಕೆ ಹೋಗುವ ಮುನ್ನ ಒಮ್ಮೆ ಭಾಗಿಸಿ ನೋಡುವುದು ಒಳ್ಳೆಯದು.

ಎಷ್ಟು? ಯಾರೊಡನೆ? ಯಾವುದರಿಂದ?

ಅನುಭವಿ ತಂತ್ರಜ್ಞರು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳುತ್ತಾರೆ. ಒಂದೊಂದಕ್ಕೂ ಒಂದೊಂದು ಉಪಕರಣವಿದೆ. ಎಲ್ಲವೂ ಉಚಿತ.

ಎಷ್ಟು ಎಂಬುದಕ್ಕೆ ‘ವಿಎನ್‌ಸ್ಟ್ಯಾಟ್’. ಇದು ಮೇಲೆ ಹೇಳಿದ ಮೀಟರನ್ನು ಆಗಾಗ ಓದಿ ಗಂಟೆ, ದಿನ, ತಿಂಗಳ ಲೆಕ್ಕ ಬರೆದಿಡುತ್ತದೆ. ಪ್ಯಾಕೆಟ್ಟುಗಳನ್ನು ತೆರೆದು ನೋಡುವುದಿಲ್ಲ. ಯಂತ್ರಕ್ಕೂ ಭಾರವಲ್ಲ.

ಯಾರೊಡನೆ ಎಂಬುದಕ್ಕೆ ‘ಇಫ್‌ಟಾಪ್’. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹರಿಯುತ್ತಿದೆ ಎಂದು ಜೋಡಿ ಜೋಡಿಯಾಗಿ ತೋರಿಸುತ್ತದೆ. ಹೆಚ್ಚು ತಿನ್ನುವವನು ಮೇಲಿನ ಸಾಲಿನಲ್ಲಿ. ಕಳೆದ 2, 10 ಮತ್ತು 40 ಸೆಕೆಂಡುಗಳ ಸರಾಸರಿ ಪಕ್ಕದಲ್ಲೇ ಕಾಣುತ್ತದೆ.

ಯಾವುದರಿಂದ ಎಂಬುದಕ್ಕೆ ‘ನೆಟ್‌ಹಾಗ್ಸ್’. ಹೆಸರಿನ ಅರ್ಥವೇ ಜಾಲದ ಹೊಟ್ಟೆಬಾಕರು! ಸರ್ವರಿನೊಳಗಿನ ಯಾವ ಪ್ರೋಗ್ರಾಂ ಎಷ್ಟು ಕಬಳಿಸುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ.

ಇವು ಕೂಡಿ ಕೆಲಸ ಮಾಡುವುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ನೋಡೋಣ. ಒಂದು ಕಾಲೇಜು. ಅಂಕಪಟ್ಟಿ, ಹಾಜರಿ, ಗ್ರಂಥಾಲಯದ ಪಟ್ಟಿ ಎಲ್ಲವೂ ಒಂದೇ ಸರ್ವರಿನಲ್ಲಿ. ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಎಲ್ಲವೂ ತೆವಳತೊಡಗುತ್ತದೆ. ಹಾಸ್ಟೆಲ್ ಹುಡುಗರು ಸಿನಿಮಾ ಇಳಿಸುತ್ತಿದ್ದಾರೆ ಎಂದು ಒಬ್ಬರು. ಸಂಪರ್ಕದ ಸಾಮರ್ಥ್ಯ ಇಮ್ಮಡಿ ಮಾಡಿಸಿ ಎಂದು ಇನ್ನೊಬ್ಬರು. ಪ್ರಿನ್ಸಿಪಾಲರು ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದಾರೆ.

ಸರ್ವರ್ ನೋಡಿಕೊಳ್ಳುವಾಕೆ “ಒಂದು ದಿನ ಟೈಮ್ ಕೊಡಿ ಸಾರ್” ಎನ್ನುತ್ತಾಳೆ. ಗಂಟೆವಾರು ಲೆಕ್ಕ ನೋಡಿದರೆ, ಹನ್ನೊಂದರಿಂದ ಹನ್ನೆರಡರವರೆಗೆ ಹೊರಹೋಗುವ ಮಾಹಿತಿ ಬೆಟ್ಟದಷ್ಟು. ಒಳಬರುವುದು ಎಂದಿನಷ್ಟೇ. ಸಿನಿಮಾ ಇಳಿಸಿದ್ದರೆ ಒಳಬರುವುದು ಹೆಚ್ಚಬೇಕಿತ್ತು! ಅಲ್ಲಿಗೆ ಹಾಸ್ಟೆಲ್ ಹುಡುಗರು ನಿರ್ದೋಷಿಗಳು. ಮರುದಿನ ಹನ್ನೊಂದಕ್ಕೆ ಎರಡನೆಯ ಉಪಕರಣ ತೆರೆದರೆ ಮೇಲಿನ ಸಾಲಿನಲ್ಲಿ ಒಂದೇ ವಿಳಾಸ. ಮೂರನೆಯದರಲ್ಲಿ ಪ್ರೋಗ್ರಾಮಿನ ಹೆಸರು: ಕಡತಗಳ ಪ್ರತಿ ತೆಗೆದು ಹೊರಗಿನ ಗೋದಾಮಿಗೆ ಕಳುಹಿಸುವ ಬ್ಯಾಕಪ್ ತಂತ್ರಾಂಶ. ಅದನ್ನು ರಾತ್ರಿ ಹನ್ನೊಂದಕ್ಕೆ ಓಡಿಸಬೇಕಿತ್ತು. ಯಾರೋ ವೇಳಾಪಟ್ಟಿಯಲ್ಲಿ ‘11’ ಎಂದು ಬರೆದಿದ್ದಾರೆ. ಯಂತ್ರದ್ದು ಇಪ್ಪತ್ತನಾಲ್ಕು ಗಂಟೆಯ ಗಡಿಯಾರ. ರಾತ್ರಿಗೆ ‘23’ ಎಂದು ಬರೆಯಬೇಕಿತ್ತು. ಎರಡು ಅಂಕಿ ತಿದ್ದಿದರೆ ರೋಗ ವಾಸಿ. ಪ್ರಿನ್ಸಿಪಾಲರ ಪೆನ್ನು ಮತ್ತೆ ಜೇಬಿಗೆ.

ಇಡೀ ಪತ್ತೆದಾರಿಕೆಯ ಜೀವಾಳ ಒಂದೇ ಮಾತಿನಲ್ಲಿದೆ: ಒಳಬರುವುದನ್ನೂ ಹೊರಹೋಗುವುದನ್ನೂ ಬೇರೆಬೇರೆಯಾಗಿ ನೋಡಬೇಕು.

ಲೆಸ್ಟರಿನ ಒಂದೇ ತಂತಿ

1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಾಸ್ ಓಟಿಕರ್ ಎಂಬ ಯುವಕ ಕೆಲಸ ಮಾಡುತ್ತಿದ್ದರು. ಅಲ್ಲಿಂದ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಒಂದು ತಂತಿ. ಆ ತಂತಿಯ ಸ್ಥಿತಿ ಹೇಗಿದೆ ಎಂದು ಎಲ್ಲರಿಗೂ ಕುತೂಹಲ. ಓಟಿಕರ್ ಪರ್ಲ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದರು. ಅದು ಐದೈದು ನಿಮಿಷಕ್ಕೆ ಮೀಟರ್ ಓದಿ ಗ್ರಾಫ್ ಬರೆದು ಎಲ್ಲರಿಗೂ ಕಾಣುವಂತೆ ಇಡುತ್ತಿತ್ತು. 1995ರಲ್ಲಿ ಅದನ್ನು ‘ಎಂಆರ್‌ಟಿಜಿ’ ಎಂಬ ಹೆಸರಿನಲ್ಲಿ ಜಗತ್ತಿಗೆ ಉಚಿತವಾಗಿ ಕೊಟ್ಟುಬಿಟ್ಟರು. ಮುಂದೆ ಪ್ರಪಂಚದ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಆ ಹಸಿರು ನೀಲಿ ಗ್ರಾಫ್ ಕಾಣಿಸಿಕೊಂಡಿತು.

ಆದರೆ ಗ್ರಾಫನ್ನು ಓದುವಾಗ ಎಚ್ಚರ ಬೇಕು. ಐದು ನಿಮಿಷದಲ್ಲಿ ಒಂದು ನಿಮಿಷ ದಾರಿ ಪೂರ್ತಿ ತುಂಬಿ, ಉಳಿದ ನಾಲ್ಕು ನಿಮಿಷ ಖಾಲಿಯಿದ್ದರೂ ಸರಾಸರಿ ನೂರಕ್ಕೆ ಇಪ್ಪತ್ತೇ. ಗ್ರಾಫ್ ‘ಆರಾಮ’ ಎನ್ನುತ್ತದೆ. ಆ ಒಂದು ನಿಮಿಷದಲ್ಲಿ ಪರೀಕ್ಷೆಯ ಅರ್ಜಿ ತುಂಬುತ್ತಿದ್ದವನ ಪಾಡು ಅವನಿಗೇ ಗೊತ್ತು! ಸರಾಸರಿ ಆಳ ಮೊಣಕಾಲುದ್ದ ಎಂದು ನಂಬಿ ಹೊಳೆಗಿಳಿಯುವವರಿಗೆ ಮಡುವಿನ ಎಚ್ಚರವಿರಬೇಕು.

ಮೀಟರಿಗೂ ಒಂದು ಮಿತಿಯಿದೆ. ಹಳೆಯ ಯಂತ್ರಗಳ ಮೀಟರು 32 ಬಿಟ್‌ನದು. ಸುಮಾರು 429 ಕೋಟಿ ಬೈಟ್ ಎಣಿಸಿದ ಮೇಲೆ ಹಳೆಯ ಸ್ಕೂಟರಿನ ಮೈಲಿ ಮೀಟರಿನಂತೆ ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ ದಾರಿ ಪೂರ್ತಿ ತುಂಬಿ ಹರಿದರೆ ಇದಕ್ಕೆ ಆರು ನಿಮಿಷವೂ ಬೇಡ. 1000 ಮೆಗಾಬಿಟ್ ಆದರೆ 34 ಸೆಕೆಂಡ್! ಐದು ನಿಮಿಷಕ್ಕೊಮ್ಮೆ ಓದುವವನಿಗೆ ಎಷ್ಟು ಸುತ್ತು ತಿರುಗಿತೆಂದು ತಿಳಿಯುವುದೇ ಇಲ್ಲ. ಅದಕ್ಕಾಗಿಯೇ ಮುಂದೆ 64 ಬಿಟ್‌ನ ಮೀಟರುಗಳು ಬಂದವು.

ದಾರಿ ಅಗಲ, ಆದರೂ ಕಾಯುವಿಕೆ

ಬ್ಯಾಂಡ್‌ವಿಡ್ತ್ ಬೇಕಾದಷ್ಟಿದ್ದೂ ಜಾಲ ಎಳೆದಾಡುವುದುಂಟು. ಆಗ ನೆರವಿಗೆ ಬರುವುದು ‘ಪಿಂಗ್’. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ 1983ರ ಡಿಸೆಂಬರ್‌ನಲ್ಲಿ, ಕಾಡುತ್ತಿದ್ದ ಒಂದು ಜಾಲದೋಷವನ್ನು ಹುಡುಕಲು ಬರೆದ ಪುಟ್ಟ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳು ಶಬ್ದ ಕಳುಹಿಸಿ ಪ್ರತಿಧ್ವನಿಗೆ ಕಿವಿಗೊಡುವ ಕ್ರಮದಿಂದ ಈ ಹೆಸರು. ಕೂ ಎಂದು ಕೂಗಿ, ಓ ಎಂಬ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಇದು ಹೇಳುತ್ತದೆ.

2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಅನುಭವಿ ತಂತ್ರಜ್ಞರು ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಹೊರಗೆ ಕಳುಹಿಸುತ್ತಿದ್ದಾಗ ಇಡೀ ಮನೆಯ ಇಂಟರ್‌ನೆಟ್ ಹದಗೆಡುವುದನ್ನು ಕಂಡರು. ಪಿಂಗ್ ಮಾಡಿ ನೋಡಿದರೆ, ಕ್ಷಣಾರ್ಧದಲ್ಲಿ ಬರಬೇಕಾದ ಉತ್ತರಕ್ಕೆ ಒಂದು ಸೆಕೆಂಡಿಗೂ ಹೆಚ್ಚು! ಕಾರಣ ಹುಡುಕುತ್ತ ಹೋದಾಗ ತಿಳಿದದ್ದು: ಒಂದು ಪ್ಯಾಕೆಟ್ಟೂ ಬೀಳದಿರಲಿ ಎಂಬ ಆಸೆಯಿಂದ ಮನೆಯ ಮೋಡೆಮ್, ರೂಟರುಗಳಲ್ಲಿ ತಯಾರಕರು ಬಹಳ ದೊಡ್ಡ ಕಾಯುವ ಕೋಣೆಗಳನ್ನು ಇಟ್ಟಿದ್ದರು. ಪ್ಯಾಕೆಟ್ ಬಿದ್ದರೆ ತಾನೇ ವೇಗ ಇಳಿಸಬೇಕೆಂದು ಕಂಪ್ಯೂಟರಿಗೆ ತಿಳಿಯುವುದು? ಬೀಳಲು ಬಿಡದ ಕಾರಣ ಅದು ಕಳುಹಿಸುತ್ತಲೇ ಇತ್ತು. ಸಾಲು ಬೆಳೆಯುತ್ತಲೇ ಹೋಯಿತು. 1988ರ ಮದ್ದನ್ನು ಅತಿಯಾದ ಕಾಳಜಿಯೇ ಕೆಡಿಸಿತ್ತು. ಇದಕ್ಕೆ ‘ಬಫರ್‌ಬ್ಲೋಟ್’, ಅಂದರೆ ಕಾಯುವ ಕೋಣೆಯ ಬಾವು ಎಂಬ ಹೆಸರು ಬಂತು. 2012ರಲ್ಲಿ ಇದಕ್ಕೊಂದು ಹೊಸ ಮದ್ದನ್ನು ಕ್ಯಾಥ್ಲೀನ್ ನಿಕಲ್ಸ್ ಅವರೊಡನೆ ಸೇರಿ ಕೊಟ್ಟವರು ಮತ್ತೆ ಅದೇ ವ್ಯಾನ್ ಜೇಕಬ್‌ಸನ್.

ನೋಡಬಹುದು, ಕದ್ದು ನೋಡಬಾರದು

ಇಲ್ಲಿ ಪೋಷಕರು ಮಕ್ಕಳಿಗೆ ಹೇಳಲೇಬೇಕಾದ ಮಾತೊಂದಿದೆ. ಮೀಟರ್ ಓದುವುದು ಬೇರೆ, ಪ್ಯಾಕೆಟ್ ಹಿಡಿದು ನೋಡುವುದು ಬೇರೆ. ಅಂಚೆಯಣ್ಣ ಎಷ್ಟು ಪತ್ರ ಬಂತೆಂದು ಎಣಿಸಬಹುದು. ಒಡೆದು ಓದುವಂತಿಲ್ಲ. ಟಿಸಿಪಿಡಂಪ್‌ನಂಥ ಉಪಕರಣಗಳು ಪತ್ರ ಒಡೆಯುವ ಶಕ್ತಿ ಇರುವಂಥವು. ಈಗ ಹೆಚ್ಚಿನ ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಒಳಗಿನ ಮಾತು ಕಾಣದು. ಆದರೆ ಯಾರು ಯಾರೊಡನೆ, ಎಷ್ಟು ಹೊತ್ತಿಗೆ ಮಾತನಾಡಿದರು ಎಂಬುದು ಕಂಡೇ ಕಾಣುತ್ತದೆ. ಅದೂ ಖಾಸಗಿ ವಿಷಯವೇ.

ಆದ್ದರಿಂದಲೇ ಸರ್ವರುಗಳಲ್ಲಿ ಈ ಉಪಕರಣ ಓಡಿಸಲು ಮೇಲಧಿಕಾರದ ಗುಪ್ತಪದ ಬೇಕು. ಕಾಲೇಜಿನ, ಹಾಸ್ಟೆಲಿನ, ಪಕ್ಕದ ಮನೆಯ ಜಾಲದಲ್ಲಿ ಒಪ್ಪಿಗೆಯಿಲ್ಲದೆ ಕೈಯಾಡಿಸಿದರೆ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಬಿಸಿ ತಾಗಬಹುದು. ತನ್ನ ಯಂತ್ರ, ತನ್ನ ಜಾಲ, ಇಲ್ಲವೇ ಒಡೆಯರ ಲಿಖಿತ ಒಪ್ಪಿಗೆ. ಈ ಗೆರೆಯನ್ನು ಮೊದಲ ದಿನವೇ ಎಳೆದುಕೊಳ್ಳಬೇಕು.

ನೀವೇ ಮಾಡಿ ನೋಡಿ

ಕಲಿಯಲು ದುಬಾರಿ ಯಂತ್ರ ಬೇಡ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರಿಗೆ ಉಚಿತ ಲಿನಕ್ಸ್ ಹಾಕಿದರೆ ಅದೇ ನಿಮ್ಮ ಸರ್ವರ್. ವಿಂಡೋಸ್ ಇದ್ದರೂ ಅಡ್ಡಿಯಿಲ್ಲ. ಅದರ ಕಪ್ಪು ಪರದೆಯಲ್ಲಿ ‘ನೆಟ್‌ಸ್ಟ್ಯಾಟ್’ ಎಂದು ಬರೆದು, ಜಾಗ ಬಿಟ್ಟು, ಮೈನಸ್ ಚಿಹ್ನೆ ಹಾಗೂ ‘ಇ’ ಅಕ್ಷರ ಕುಟ್ಟಿದರೆ ಬಂದ ಮತ್ತು ಹೋದ ಬೈಟ್‌ಗಳ ಅಂಕಿ ಬರುತ್ತದೆ.

ಒಂದು ನೋಟ್‌ಬುಕ್ ಇಡಿ. ಒಂದು ವಾರ ಕಾಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿ ಬರೆದು ವ್ಯತ್ಯಾಸ ತೆಗೆಯಿರಿ. ಯಂತ್ರ ಆರಿಸಿ ಹೊತ್ತಿಸಿದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದು ನೆನಪಿರಲಿ. ಒಂದು ವಿಡಿಯೊ ನೋಡುವ ಮೊದಲು ಮತ್ತು ಆಮೇಲೆ ಅಂಕಿ ಬರೆಯಿರಿ. ಚಿತ್ರದ ಗುಣಮಟ್ಟ ಇಳಿಸಿ ಅದೇ ವಿಡಿಯೊ ಮತ್ತೆ ನೋಡಿ. ಯಾವ ಪುಸ್ತಕವೂ ಹೇಳಿಕೊಡದಷ್ಟು ಪಾಠ ಆ ಎರಡು ಸಾಲುಗಳಲ್ಲಿ ಸಿಗುತ್ತದೆ. ಎಂಜಿನಿಯರಿಂಗ್ ಸೇರಲಿರುವವರಿಗೆ ಇದು ಒಳ್ಳೆಯ ಮುನ್ನುಡಿ. ಸೇರದವರಿಗೂ ಅಳೆದು ಮಾತನಾಡುವ ಅಭ್ಯಾಸದಿಂದ ನಷ್ಟವಿಲ್ಲ.

ಇನ್ನು ಆ ಸಂಜೆಯ ಮನೆಗೆ ಬರೋಣ. ಮೇಷ್ಟ್ರು ಕಲ್ಲಾಗಿಯೇ ಇದ್ದಾರೆ. ಮಗಳು ಕಪ್ಪು ಪರದೆ ತೆರೆದು ಪಿಂಗ್ ಮಾಡುತ್ತಾಳೆ. ಎಂದೂ ಇಪ್ಪತ್ತು ಮಿಲಿಸೆಕೆಂಡಿಗೆ ಬರುವ ಉತ್ತರ ಒಂಬೈನೂರಕ್ಕೆ ಏರಿದೆ. ತಮ್ಮನ ಕಂಪ್ಯೂಟರಿನ ಮೀಟರ್ ನೋಡಿದರೆ ಅಂಕಿ ಅಲುಗಾಡುತ್ತಿಲ್ಲ. ಪಾಪ, ಹುಡುಗ ನಿಜವನ್ನೇ ಹೇಳಿದ್ದ. ಹಾಗಾದರೆ ಮನೆಯಲ್ಲಿ ಇನ್ನೇನಿದೆ?

“ಅಪ್ಪಾ, ನಿಮ್ಮ ಫೋನಿನ ವೈಫೈ ಒಂದ್ನಿಮಿಷ ಆಫ್ ಮಾಡಿ.”

ಒಂಬೈನೂರು ಇಪ್ಪತ್ತೆರಡಕ್ಕೆ ಇಳಿಯುತ್ತದೆ. ಮೇಷ್ಟ್ರ ಕೈ ಅಲುಗಾಡುತ್ತದೆ. ಅಪ್ಪ ಭಾನುವಾರದ ಮದುವೆಯಲ್ಲಿ ತೆಗೆದ ನಾನೂರು ಫೋಟೊ, ಹನ್ನೆರಡು ವಿಡಿಯೊ, ಫೋನು ಮನೆಗೆ ಬಂದು ವೈಫೈ ಸಿಕ್ಕ ಕೂಡಲೇ ಒಂದೊಂದಾಗಿ ದೂರದ ಗೋದಾಮಿಗೆ ಏರುತ್ತಿದ್ದವು.

“ರಾತ್ರಿ ಮಲಗೋವಾಗ ಹಾಕ್ಕೊಳ್ಳಿ ಅಪ್ಪಾ” ಎಂದು ಮಗಳು ಪಾಠಕ್ಕೆ ಮರಳುತ್ತಾಳೆ. ಅಡುಗೆಮನೆಯಿಂದ ಅಮ್ಮ ಒಂದು ತಟ್ಟೆ ಬಜ್ಜಿ ತಂದು ತಮ್ಮನ ಮುಂದೆ ಇಡುತ್ತಾಳೆ, ಮಾತಿಲ್ಲದೆ.